ಇಲಿಯ ಮೈಯಲ್ಲಿ ಕೆಟ್ಟದ್ದೋ, ಕೊಳವೆಯಲ್ಲಿ ಕೆಟ್ಟದ್ದೋ?

ಪ್ರಶ್ನೆ: ಸಾಮಾನ್ಯ ತಳಿಯ ಇಲಿಗಳಿಗೆ 12 ವಾರ ಕೊಬ್ಬಿನ ಆಹಾರ ಕೊಟ್ಟು, ಆಕ್ಸಿಡೈಸ್ ಆದ, ಅಂದರೆ ಆಮ್ಲಜನಕ ಸೇರಿ ಕೆಟ್ಟ, ಎಲ್‌ಡಿಎಲ್ ಕಣಗಳು (ಕೊಲೆಸ್ಟೆರಾಲ್ ಹೊತ್ತೊಯ್ಯುವ ಕಣಗಳು) ರಕ್ತದಲ್ಲಿ ಎಷ್ಟಿವೆಯೆಂದು, ಕೆಟ್ಟ ಕೊಬ್ಬನ್ನು ಬಣ್ಣದಿಂದ ಅಳೆಯುವ ಟಿಬಿಎ ಪರೀಕ್ಷೆಯಲ್ಲೂ, ಪ್ರತಿಕಾಯದಿಂದ ಹುಡುಕುವ, ಮನುಷ್ಯರ ರಕ್ತಕ್ಕೆಂದು ಮಾಡಿದ ಎಲೈಸಾ ಕಿಟ್‌ನಲ್ಲೂ ನೋಡಿದೆ. ಟಿಬಿಎಯಲ್ಲಿ ಮಾಮೂಲಿ ಆಹಾರ ತಿಂದ ಇಲಿಗಳದ್ದೇ ಹೆಚ್ಚು ಬಂತು. ಕಿಟ್‌ನಲ್ಲಿ ಏನೂ ಕಾಣಲಿಲ್ಲ. ರಕ್ತ ಹೆಪ್ಪುಗಟ್ಟಲು ಬಿಟ್ಟು, ಉಳಿಯುವ ದ್ರವವಾದ ಸೀರಂ ತೆಗೆದಿದ್ದೆ. ಎಲ್ಲಿ ತಪ್ಪಿದೆ?
– ಸಂಶೋಧನಾ ವಿದ್ಯಾರ್ಥಿನಿ

ಉತ್ತರ: ಅರ್ಧ ಉತ್ತರ ನಿಮ್ಮ ಸೀರಂನಲ್ಲೇ ಇದೆ. ಹೆಪ್ಪುಗಟ್ಟಲೆಂದು ರಕ್ತವನ್ನು ಬೆಂಚಿನ ಮೇಲೆ ಬಿಟ್ಟ ಹೊತ್ತಿನಲ್ಲೇ ಎಲ್‌ಡಿಎಲ್ ಕೊಳವೆಯೊಳಗೆ ಕೆಡತೊಡಗುತ್ತದೆ. ಇಲಿಯ ಮೈಯಲ್ಲಿ ಆದದ್ದೆಷ್ಟು, ಕೊಳವೆಯಲ್ಲಿ ಆದದ್ದೆಷ್ಟು ಎಂದು ಆಮೇಲೆ ಬೇರ್ಪಡಿಸಲಾಗದು.

ನನಗೂ ಹೀಗೆ ಆಗಿದೆ. ಲ್ಯಾಬ್ ಸೇರಿದ ಎರಡನೇ ವರ್ಷ 16 ಇಲಿಗಳ ರಕ್ತವನ್ನು ತೀರಾ ಸಣ್ಣ ಸೂಜಿಯಲ್ಲಿ ಅವಸರದಿಂದ ಎಳೆದಿದ್ದೆ. ಸೆಂಟ್ರಿಫ್ಯೂಜ್‌ನ ಮುಚ್ಚಳ ತೆಗೆದರೆ, ಒಣಹುಲ್ಲಿನ ಬಣ್ಣ ಇರಬೇಕಾದ ದ್ರವ ತೆಳುಗುಲಾಬಿಗೆ ತಿರುಗಿತ್ತು; ಕೆಂಪುಕಣಗಳು ಒಡೆದಿದ್ದವು. ಟಿಬಿಎ ಕೊಡುವ ಬಣ್ಣವೂ ಗುಲಾಬಿಯೇ. ಅದನ್ನು 532 ನ್ಯಾನೋಮೀಟರ್‌ನಲ್ಲಿ ಅಳೆಯುತ್ತೇವೆ, ಹಿಮೋಗ್ಲೋಬಿನ್ ಕೂಡ ಆ ಆಸುಪಾಸಿನ ಬೆಳಕನ್ನೇ ಹೀರುತ್ತದೆ. ಸಾಲದ್ದಕ್ಕೆ ಅದರ ಕಬ್ಬಿಣ ಕೊಬ್ಬನ್ನು ಇನ್ನಷ್ಟು ಕೆಡಿಸುತ್ತದೆ. 16 ಜೀವ ಹೋದವು, ಒಂದು ಅಂಕಿಯೂ ಬಳಕೆಗೆ ಬರಲಿಲ್ಲ. ಆ ಸಂಕಟ ಇವತ್ತಿಗೂ ಹೋಗಿಲ್ಲ. ಆದ್ದರಿಂದಲೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಇನ್ನು ಮುಂದೆ ರಕ್ತ ಹೆಪ್ಪುಗಟ್ಟಲು ಬಿಡದೆ ಅದರ ದ್ರವ, ಅಂದರೆ ಪ್ಲಾಸ್ಮಾ ತೆಗೆಯಿರಿ, ಅದೂ ಇಡಿಟಿಎ ಕೊಳವೆಯಲ್ಲಿ. ಇಡಿಟಿಎ ತಾಮ್ರ, ಕಬ್ಬಿಣವನ್ನು ಹಿಡಿದಿಡುತ್ತದೆ. ಹೆಪಾರಿನ್ ಕೂಡ ಹೆಪ್ಪುಗಟ್ಟುವುದನ್ನು ತಡೆಯುತ್ತದೆ, ಆದರೆ ಅದರಿಂದ ಆ ಕೆಲಸ ಆಗದು. ಜೊತೆಗೆ ಕೊಬ್ಬು ಕೆಡದಂತೆ ತಡೆಯುವ ಬಿಎಚ್‌ಟಿ ತುಸು ಇರಲಿ. ಕೂಡಲೇ ಐಸ್‌ಗೆ, ತಣ್ಣಗಿನ ಸೆಂಟ್ರಿಫ್ಯೂಜ್‌ಗೆ, ಆಮೇಲೆ ಸಣ್ಣ ಸಣ್ಣ ಪಾಲು ಮಾಡಿ ಮೈನಸ್ 80 ಡಿಗ್ರಿಗೆ. 25 ಗ್ರಾಂ ತೂಗುವ ಇಲಿಯಲ್ಲಿ ಇರುವ ರಕ್ತವೇ 2 ಮಿಲಿಲೀಟರ್‌ಗಿಂತ ಕಡಿಮೆ. ಒಮ್ಮೆ ಕರಗಿಸಿದ ಪಾಲನ್ನು ಮತ್ತೆ ಫ್ರೀಜರ್‌ಗೆ ಇಡಬೇಡಿ.

ಟಿಬಿಎ ಎಷ್ಟು ಚೆನ್ನಾಗಿ ಮಾಡಿದರೂ ಎಲ್‌ಡಿಎಲ್ ಒಂದನ್ನೇ ತೋರಿಸುವುದಿಲ್ಲ. ಅದಕ್ಕೆ ಪ್ರತಿಕಾಯವೇ ಬೇಕು. ನಿಮ್ಮ ಕಿಟ್‌ನದ್ದು ಎಲ್‌ಡಿಎಲ್ ಕಣದಲ್ಲಿರುವ ಅಪೊಬಿ ಪ್ರೋಟೀನ್‌ನ ಮನುಷ್ಯರ ರೂಪಕ್ಕೆ ಹೊಂದುವಂಥದ್ದು, ಇಲಿಯದ್ದನ್ನು ಹಿಡಿಯಲಿಲ್ಲವೆಂದರೆ ಆಶ್ಚರ್ಯವಿಲ್ಲ. ಪ್ಲೇಟಿಗೆ ಇಲಿಯ ಅಪೊಬಿ ಹಿಡಿಯುವ ಪ್ರತಿಕಾಯ ಹಚ್ಚಿ, ಕಣಗಳು ಅಂಟಿದ ಮೇಲೆ ಇಒ6 ಎಂಬ ಇನ್ನೊಂದು ಪ್ರತಿಕಾಯ ಹಾಕಿ ನೋಡಿ. ಅಪೊಇ ಜೀನ್ ಇಲ್ಲದ ಇಲಿಗಳಿಂದ ಪಡೆದ ಪ್ರತಿಕಾಯ ಇದು. ಗುರುತಿಸುವುದು ಆಕ್ಸಿಡೈಸ್ ಆದ ಫಾಸ್ಫೋಲಿಪಿಡ್ಡನ್ನು, ಹಾಗಾಗಿ ಇಲಿ, ಮೊಲ, ಮನುಷ್ಯ ಎಂಬ ಭೇದವಿಲ್ಲ. ಆದರೆ ಗುರುತಿಗೆಂದು ಬಯೋಟಿನ್ ಅಂಟಿಸಿದ ಇಒ6 ಅನ್ನೇ ಬಳಸಿ. ಇಲಿಯ ಪ್ರತಿಕಾಯ ಹುಡುಕುವ ಎರಡನೇ ಪ್ರತಿಕಾಯ ಹಾಕಿದಿರೋ, ಅದು ಪ್ಲಾಸ್ಮಾದಲ್ಲಿ ಮೊದಲೇ ಇರುವ ಪ್ರತಿಕಾಯಗಳಿಗೂ ಅಂಟಿ ಪ್ಲೇಟಿಡೀ ಬಣ್ಣ ಏರುತ್ತದೆ.

ತಳಿಯನ್ನೂ ಬದಲಿಸಿ. ಸಾಮಾನ್ಯ ಇಲಿಯ ಕೊಲೆಸ್ಟೆರಾಲ್‌ನಲ್ಲಿ ಬಹುಪಾಲು ಎಚ್‌ಡಿಎಲ್ ಎಂಬ ಬೇರೆ ಬಗೆಯ ಕಣದಲ್ಲೇ ಇರುತ್ತದೆ, ಎಲ್‌ಡಿಎಲ್‌ನಲ್ಲಿ ಕಡಿಮೆ. ರಕ್ತದಿಂದ ಎಲ್‌ಡಿಎಲ್ ಅನ್ನು ಎಳೆದುಕೊಳ್ಳುವ ರಿಸೆಪ್ಟರ್ ಇಲ್ಲದ ಇಲಿ ಸಿಕ್ಕರೆ ಒಳ್ಳೆಯದು.

ಉಳಿದಿರುವ ಸೀರಂ ಎಸೆಯಬೇಡಿ. ಒಟ್ಟು ಕೊಲೆಸ್ಟೆರಾಲ್, ಟ್ರೈಗ್ಲಿಸರೈಡ್ ನೋಡಲು ಅದು ಸಾಕು.