ಹಾಡು ಯಾರದು: ಒಂದು ರಾಕ್ ತಂಡದ ಪ್ರಕರಣ

ಸಂಬಂಧಪಟ್ಟ ನಾಲ್ವರ ಒಪ್ಪಿಗೆ ಪಡೆದು, ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿ ಈ ಪ್ರಕರಣವನ್ನು ದಾಖಲಿಸುತ್ತಿದ್ದೇನೆ.

ಆಪ್ತಸಲಹೆಗೆಂದು ಮೊದಲು ನನ್ನ ಬಳಿ ಬಂದವರು ತಂಡದ ಡ್ರಮ್ಮರ್. ರಾತ್ರಿ ನಿದ್ದೆ ಬರುವುದಿಲ್ಲ, ಅಭ್ಯಾಸವಿರುವ ದಿನ ಬೆಳಗ್ಗಿನಿಂದಲೇ ಹೊಟ್ಟೆ ತೊಳಸುತ್ತದೆ ಎಂಬುದು ಅವರ ದೂರು. ತಂಡದಲ್ಲಿ ಜಗಳವಿದೆಯೇ ಎಂದು ಕೇಳಿದಾಗ, "ಜಗಳವೇನಿಲ್ಲ, ಸಂಗೀತದ ಬಗ್ಗೆ ಭಿನ್ನಾಭಿಪ್ರಾಯ ಅಷ್ಟೇ" ಎಂದರು. ಈ ಮಾತನ್ನು ನಾನು ಸುಲಭವಾಗಿ ನಂಬುವುದಿಲ್ಲ. ಅದರ ಅಡಿಯಲ್ಲಿ ಸಾಮಾನ್ಯವಾಗಿ ಸಂಗೀತಕ್ಕೆ ಸಂಬಂಧಿಸದ ಒಂದು ನೋವು ಇರುತ್ತದೆ.

ಎರಡನೆಯ ಭೇಟಿಯಲ್ಲಿ ಅದು ಹೊರಬಂತು. ಮೊದಲ ಐದು ಹಾಡುಗಳ ಧ್ವನಿಮುದ್ರಣ ಮುಗಿದು ಬಿಡುಗಡೆಯ ವಿವರಗಳನ್ನು ತುಂಬುವಾಗ, ಗಾಯಕರು ಐದಕ್ಕೂ ರಚನಕಾರನೆಂದು ತಮ್ಮೊಬ್ಬರ ಹೆಸರನ್ನೇ ಬರೆದಿದ್ದರು. ಆ ಪೈಕಿ ಒಂದು ಹಾಡು ನಿಧಾನಗತಿಯಲ್ಲಿ ಎಳೆದಾಡುತ್ತಿದ್ದಾಗ ಅದರ ನಡೆಯನ್ನೇ ಬದಲಿಸಿ ಜೀವ ತಂದವರು ಈ ಡ್ರಮ್ಮರ್. ಕೃತಿಸ್ವಾಮ್ಯದಲ್ಲಿ ಹಾಡಿನ ರಚನೆ ಬೇರೆ, ಅದರ ಧ್ವನಿಮುದ್ರಿಕೆ ಬೇರೆ. ತಾಳ ಕಟ್ಟಿದವರಿಗೆ ರಚನೆಯಲ್ಲಿ ಪಾಲು ಸಿಗುವುದು ಬಹುಮಟ್ಟಿಗೆ ತಂಡದೊಳಗಿನ ಒಪ್ಪಂದದಿಂದಲೇ. ಅಂಥ ಒಪ್ಪಂದ ಇವರಲ್ಲಿರಲಿಲ್ಲ.

ಎಲ್ಲರೂ ಒಟ್ಟಿಗೆ ಬರಬೇಕೆಂದಾಗ, ರಾಕ್ ತಂಡವೊಂದು ಆಪ್ತಸಲಹೆಗೆ ಹೋಗುವುದುಂಟೆ ಎಂದು ಅವರು ಸಂಕೋಚಪಟ್ಟರು. 2001ರಲ್ಲಿ ಬಾಸ್ ವಾದಕ ಹೊರನಡೆದ ಸಂದರ್ಭದಲ್ಲಿ ಅಮೆರಿಕದ ಹೆಸರಾಂತ ಮೆಟಲ್ ತಂಡ ಮೆಟಾಲಿಕಾವೇ ಒಬ್ಬ ಮಾರ್ಗದರ್ಶಕನನ್ನು ನೇಮಿಸಿಕೊಂಡಿತ್ತೆಂದು ತಿಳಿಸಿದೆ.

ಮೊದಲ ಸಾಮೂಹಿಕ ಭೇಟಿಯಲ್ಲಿ ನಾನೇ ತಪ್ಪಿದೆ: ಗಾಯಕರಿಗೆ ಮಾತು ಚೆನ್ನಾಗಿ ಬರುತ್ತಿದ್ದುದರಿಂದ ಅರ್ಧಕ್ಕಿಂತ ಹೆಚ್ಚು ಸಮಯ ಅವರದೇ ಆಯಿತು. ಮುಂದಿನ ಸಲ ಬಾಸ್ ವಾದಕರಿಂದ ಆರಂಭಿಸಿದೆ. ಅಭ್ಯಾಸದಲ್ಲಿ ಲೀಡ್ ಗಿಟಾರ್ ವಾದಕರು ಒಪ್ಪಿಗೆಯಾಗದ ಸಾಲು ಬಂದಾಗಲೆಲ್ಲ ಆಂಪ್‌ನ (ಧ್ವನಿವರ್ಧಕದ) ಸದ್ದು ಏರಿಸುತ್ತಾರೆ, ಆಗ ಉಳಿದವರೂ ಏರಿಸುತ್ತಾರೆ ಎಂದು ಅವರು ಹೇಳಿದಾಗ ಎಲ್ಲರೂ ನಕ್ಕರು, ಅನಂತರ ಸುಮ್ಮನಾದರು. ಬಾಯಲ್ಲಿ ಆಡಲಾಗದ ಜಗಳವನ್ನು ಇವರು ಸದ್ದಿನಲ್ಲಿ ಆಡುತ್ತಿದ್ದರು. 85 ಡೆಸಿಬೆಲ್ ಸದ್ದನ್ನು ಕಿವಿ ದಿನಕ್ಕೆ 8 ಗಂಟೆ ತಡೆದುಕೊಳ್ಳಬಹುದೆಂಬ ಲೆಕ್ಕದಲ್ಲಿ, ಪ್ರತಿ 3 ಡೆಸಿಬೆಲ್ ಏರಿಕೆಗೆ ಆ ಅವಧಿ ಅರ್ಧವಾಗುತ್ತ ಹೋಗಿ 100 ಡೆಸಿಬೆಲ್‌ಗೆ 15 ನಿಮಿಷ ಮಾತ್ರ ಉಳಿಯುತ್ತದೆ. ಇವರ ಅಭ್ಯಾಸ ಮೂರು ಗಂಟೆಯದು. ಕಿವಿಗೆ ಇಯರ್‌ಪ್ಲಗ್, ಕೊಠಡಿಗೊಂದು ಸದ್ದಿನ ಮಾಪಕ ಎಂಬ ಸಲಹೆಯನ್ನು ಅಲ್ಲೇ ಕೊಟ್ಟೆ.

ಗಾಯಕರ ಸಂಕಟವೂ ಸಣ್ಣದಲ್ಲ. ಏಳು ತಿಂಗಳಿಂದ ಅವರು ಹೊಸ ಹಾಡು ತಂದಿರಲಿಲ್ಲ. ತಂದೆಯ ಕಾಯಿಲೆಯ ದಿನಗಳಲ್ಲಿ ಬರೆದ ಸಾಲನ್ನು ಗೆಳೆಯನೊಬ್ಬ "ಸಪ್ಪೆ" ಎಂದ ಮೇಲೆ, ಪೂರ್ತಿಯಾಗದ ಯಾವುದನ್ನೂ ತೋರಿಸುವ ಧೈರ್ಯ ಅವರಿಗೆ ಉಳಿದಿರಲಿಲ್ಲ. ತಮ್ಮ ಹೆಸರನ್ನಷ್ಟೇ ಬರೆದದ್ದು ದುರಾಸೆಯಿಂದಲ್ಲ, ಬರೆಯಬಲ್ಲೆ ಎಂಬುದಕ್ಕೆ ಉಳಿದ ಒಂದೇ ಸಾಕ್ಷಿ ಅದಾಗಿತ್ತೆಂಬ ಕಾರಣಕ್ಕೆ ಎಂದು ನನಗನ್ನಿಸಿತು. ಕೇಳಿದಾಗ ಅವರು ಅಲ್ಲಗಳೆಯಲಿಲ್ಲ.

ಹಾಡು ರೂಪುಗೊಂಡ ದಿನವೇ ಯಾರ ಪಾಲು ಎಷ್ಟೆಂದು ಬರೆದು ನಾಲ್ವರೂ ಸಹಿ ಮಾಡಬೇಕು, ಬಿಡುಗಡೆಯಾಗದ ಆ ಐದು ಹಾಡುಗಳಿಂದಲೇ ಇದು ಆರಂಭವಾಗಬೇಕು ಎಂದು ಸೂಚಿಸಿದೆ. ಅಮೆರಿಕದ ಆರ್‌.ಇ.ಎಂ. ಎಂಬ ರಾಕ್ ತಂಡ ತನ್ನ ಹಾಡುಗಳನ್ನು ಎಲ್ಲ ಸದಸ್ಯರ ಹೆಸರಿನಲ್ಲಿ ಸಮನಾಗಿ ದಾಖಲಿಸುತ್ತಿತ್ತು. ಆದರೆ ಸಮಪಾಲನ್ನು ನಾನು ಒತ್ತಾಯಿಸಲಿಲ್ಲ, ಏಕೆಂದರೆ ಇಷ್ಟವಿಲ್ಲದೆ ಬಿಟ್ಟುಕೊಟ್ಟ ಪಾಲು ಮುಂದೆ ಇನ್ನೊಂದು ಜಗಳವಾಗುತ್ತದೆ. ಗಾಯಕರು ವಾರಕ್ಕೊಂದು ಅರೆಬರೆ ತುಣುಕನ್ನು ತರಬೇಕು, ಅದನ್ನು ಮೂರು ಸಲ ನುಡಿಸಿ ನೋಡುವವರೆಗೆ ಯಾರೂ ಅಭಿಪ್ರಾಯ ಹೇಳಕೂಡದು, ಹೇಳುವಾಗಲೂ ಯಾವ ಸಾಲು, ಯಾವ ತಿರುವು ಎಂದು ತೋರಿಸಿ ಹೇಳಬೇಕೆಂದು ಗೊತ್ತುಮಾಡಿದೆವು. ಹಣ ಮತ್ತು ಸಮಯದ ಮಾತಿಗೆ ಹದಿನೈದು ದಿನಕ್ಕೊಮ್ಮೆ ವಾದ್ಯಗಳಿಲ್ಲದ ಕೊಠಡಿಯಲ್ಲಿ ಸೇರಲು ಒಪ್ಪಿದರು.

ಎರಡು ತಿಂಗಳ ಬಳಿಕ ಡ್ರಮ್ಮರ್ ನಿದ್ದೆ ಬಹುಮಟ್ಟಿಗೆ ಸರಿಹೋಗಿದೆ ಎಂದರು. ಲೀಡ್ ಗಿಟಾರ್ ವಾದಕರು ತಮಗೆ ಬೇಕಾದ ಸಂಗೀತ ಬೇರೆಯೇ ಎಂದು ತಿಳಿಸಿ ತಂಡ ಬಿಟ್ಟರು. ಈ ಸಲ ಆ ಮಾತು ನಿಜವಾಗಿತ್ತು. ಅಭ್ಯಾಸದಲ್ಲಿ ಬೆಳೆದ ಹೊಸ ಹಾಡಿನ ಹಾಳೆಯಲ್ಲಿ ಅವರ ಹೆಸರನ್ನು, ಪಾಲಿನ ಸಮೇತ, ಗಾಯಕರು ಹಾಗೆಯೇ ಉಳಿಸಿದ್ದಾರೆ.