‘ಅವ್ವಗ ಟೆನ್ಷನ್ ಬ್ಯಾಡ್ರಿ’

(ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆಯಿದೆ.)

ಗದಗದಲ್ಲಿ 28 ವರ್ಷ ಖಾನಾವಳಿ ನಡೆಸಿದ ಅವ್ವ, ವಯಸ್ಸು 67. ಮಗ ಖಾನಾವಳಿ ಮುಚ್ಚಿಸಿ ಹುಬ್ಬಳ್ಳಿಯ ಮನೆಗೆ ಕರೆತಂದು ಒಂದೂವರೆ ವರ್ಷವಾಗಿತ್ತು. “ದುಡದದ್ದು ಸಾಕವ್ವಾ, ಸುಮ್ಮ ಕೂಡು” ಅಂದಿದ್ದ. ಸೊಸೆ ನೀರನ್ನೂ ಕೈಗೇ ತಂದುಕೊಡುತ್ತಾಳೆ. ಅವ್ವನಿಗೀಗ ನಿದ್ದೆಯಿಲ್ಲ, ಮಾತು ಕಡಿಮೆ, ಗುಳಿಗೆ ತಗೊಂಡದ್ದೂ ನೆನಪಿರುವುದಿಲ್ಲ.

ಆಪ್ತಸಮಾಲೋಚನೆಗೆ ನನ್ನ ಬಳಿ ಕರೆತರುವ ಮುನ್ನ ಬಿಪಿ, ಥೈರಾಯ್ಡ್, ಬಿ12 ನೋಡಿಸಿಕೊಂಡೇ ಬರಲು ಮಗನಿಗೆ ಹೇಳಿದ್ದೆ. ಮರೆವನ್ನೆಲ್ಲ ಮನಸ್ಸಿನ ಲೆಕ್ಕಕ್ಕೆ ಬರೆಯಬಾರದು. ವರದಿಗಳು ಸರಿಯಿದ್ದವು.

ಮಗನನ್ನು ಹೊರಗೆ ಕೂರಿಸಿದ ಮೇಲೆ ಅವರು ಬಾಯಿಬಿಟ್ಟರು. “ಅಕ್ಕಾರ, ಮುಂಜಾನೆ ನಾಕಕ್ಕ ಎಚ್ಚರಾಗ್ತದ್ರಿ. ಎದ್ದು ಏನ್ ಮಾಡ್ಲಿ? ನೂರೈವತ್ತು ರೊಟ್ಟಿ ಬಡದು, ಕಾಯಿಪಲ್ಲೆಯವರ ಲೆಕ್ಕಾ ಚುಕ್ತಾ ಮಾಡಿ ಮಲಕೊಂಡ್ರ ಗಡದ್ದ ನಿದ್ದಿ ಬರತಿತ್ತು. ಈಗ ಇದ್ದೂ ಇಲ್ದಂಗ ಆಗೀನ್ರಿ.”

ಕೊನೆಯ ಮಾತು ಕೇಳಿ, ಸಾಯುವ ಯೋಚನೆ ಬರುತ್ತದೆಯೇ ಎಂದು ನೇರವಾಗಿಯೇ ಕೇಳಿದೆ. ಇಲ್ಲವೆಂದರು. ಆದರೆ ಇನ್ನೊಂದು ಹೊರಬಂತು. ಖಾನಾವಳಿಗೆಂದು ಸೊಸೈಟಿಯಲ್ಲಿ ತೆಗೆದ ಸಾಲ ಏನಾಯಿತೆಂದು ಮಗ ಹೇಳುವುದೇ ಇಲ್ಲ. ಕೇಳಿದರೆ “ನಿನಗ್ಯಾಕವ್ವಾ ಟೆನ್ಷನ್” ಅನ್ನುತ್ತಾನೆ. ರಾತ್ರಿಯೆಲ್ಲ ಅದೇ ಗುಣಾಕಾರ.

“ಟೆನ್ಷನ್ ಆದ್ರ ಲಗೂ ಮುಪ್ಪ ಬರ್ತದಲ್ರಿ ಮೇಡಂ?” ಎಂದ ಮಗ. ಅರ್ಧ ನಿಜ. ವಿಜ್ಞಾನಿಗಳಾದ ಎಲಿಸಾ ಎಪೆಲ್, ಎಲಿಜಬೆತ್ ಬ್ಲ್ಯಾಕ್‌ಬರ್ನ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದೀರ್ಘ ಕಾಯಿಲೆಯ ಮಕ್ಕಳನ್ನು ಹೆಚ್ಚು ವರ್ಷ ನೋಡಿಕೊಂಡ ತಾಯಂದಿರ ಟೆಲೊಮಿಯರ್‌ಗಳು, ಅಂದರೆ ವಯಸ್ಸಾದಂತೆ ಸವೆಯುವ ವರ್ಣತಂತುಗಳ ತುದಿಗಳು, ಹೆಚ್ಚು ಗಿಡ್ಡವಾಗಿದ್ದವು. ಅದು ವರ್ಷಗಟ್ಟಲೆ ಇಳಿಯದ ಹೊರೆ. ನೂರೈವತ್ತು ರೊಟ್ಟಿಗೆ ಕೊನೆಯಿತ್ತು. ಗಿರಾಕಿ ಬರುವ ಹೊತ್ತಿಗೆ ಎದೆಬಡಿತ, ಒತ್ತಡದ ಹಾರ್ಮೋನಾದ ಕಾರ್ಟಿಸೋಲ್ ಏರಿ, ಕೆಲಸ ಮುಗಿದ ಮೇಲೆ ಇಳಿಯುತ್ತಿದ್ದವು. ವ್ಯಾಯಾಮದಲ್ಲಿ ಸ್ನಾಯು ದಣಿದು, ವಿಶ್ರಾಂತಿಯಲ್ಲಿ ಗಟ್ಟಿಯಾಗುವುದೂ ಹೀಗೆಯೇ. 2021ರ ಅಮೆರಿಕದ ಅಧ್ಯಯನವೊಂದರಲ್ಲಿ, ಎಂಟು ದಿನ ವಿಚಾರಿಸಿದಾಗ ಒಂದೂ ಕಿರಿಕಿರಿ ಹೇಳದವರು ಹೆಚ್ಚು ನೆಮ್ಮದಿಯಾಗಿದ್ದರು, ಆದರೆ ಬುದ್ಧಿಯ ಪರೀಕ್ಷೆಗಳಲ್ಲಿ ಹಿಂದಿದ್ದರು. ಇದರಿಂದಲೇ ಅದಾಯಿತು ಎಂಬುದಕ್ಕೆ ಅದು ಪುರಾವೆಯಲ್ಲ. ಆದರೂ ಮಗನಿಗೆ ತಿಳಿದಿರಲಿ ಎಂದು ಹೇಳಿದೆ.

ಮೊದಲ ಸಲಹೆ ಸಾಲದ್ದು: ಬಾಕಿ ಎಷ್ಟೇ ಇರಲಿ, ಕಾಗದ ಅವ್ವನ ಮುಂದಿಡಿ. ಎರಡನೆಯದು, ವಾರಕ್ಕೆ ಮೂರು ದಿನ ಓಣಿಯ ಸ್ವಸಹಾಯ ಸಂಘದ ಖಡಕ್ ರೊಟ್ಟಿ ಕೆಲಸ. ಹಿಟ್ಟಿನ ಲೆಕ್ಕ, ಹೊಸಬರಿಗೆ ಕಲಿಸುವ ಹೊಣೆ ಪೂರ್ತಿ ಅವರದೇ ಇರಲಿ. ಹನ್ನೆರಡಕ್ಕೆ ಮುಗಿಯಲೇಬೇಕು, ಉಂಡು ಒಂದು ತಾಸು ಅಡ್ಡಾಗಬೇಕು. ಖಾನಾವಳಿಯನ್ನೇ ಮತ್ತೆ ತೆರೆಯುವ ಆಸೆಗೆ ನಾನು ಒಪ್ಪಲಿಲ್ಲ, ಮೊಣಕಾಲು ತಡೆಯುವುದಿಲ್ಲ. ಎರಡು ವಾರದಲ್ಲಿ ನಿದ್ದೆ ಸುಧಾರಿಸದಿದ್ದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಹೋಗಲು ತಿಳಿಸಿದೆ.

ಸಾಲ ಹೋದ ವರ್ಷವೇ ತೀರಿತ್ತು. ಮಗ ತನ್ನ ಪಿಎಫ್‌ನಿಂದ ಕಟ್ಟಿದ್ದ, ಅವ್ವನಿಗೆ ಕೆಡುಕೆನಿಸೀತೆಂದು ಹೇಳಿರಲಿಲ್ಲ. ನನ್ನೆದುರೇ ಹೇಳಿದಾಗ ಆ ಅವ್ವ ಸೆರಗು ಮುಚ್ಚಿಕೊಂಡು ಅತ್ತರು. ಆಮೇಲೆ ಕಣ್ಣೊರೆಸಿಕೊಂಡು, ಬಡ್ಡಿ ಎಷ್ಟು ಹಿಡಿದರು ಎಂದು ಕೇಳಿದರು.