24 ಎಚ್‌ಪಿ ಮಿನಿ ಟ್ರಾಕ್ಟರಿಗೆ 5 ಅಡಿ ಸ್ಲ್ಯಾಷರ್ ತಗೊಳ್ಳಲಾ, 6 ಅಡಿಯದಾ? 3 ಎಕರೆ ತೆಂಗಿನ ತೋಟ, ಕಳೆ ಜಾಸ್ತಿ

ತಿಪಟೂರು ಕಡೆ ನಮ್ಮ ತೋಟವೂ ಹೀಗೇ ಇತ್ತು, ಟ್ರಾಕ್ಟರೂ ಅಷ್ಟೇ ಎಚ್‌ಪಿಯದು. ಮಣ್ಣು ಕೊಚ್ಚುವ ರೋಟವೇಟರ್ ಹೊಡೆದರೆ ತೆಂಗಿನ ಮೇಲುಬೇರು ಹರಿಯುತ್ತವೆ ಅಂತ ನಾನೂ ಸ್ಲ್ಯಾಷರ್ ತಂದೆ, ಅಂದರೆ ಟ್ರಾಕ್ಟರಿನ ಹಿಂದೆ ಕಟ್ಟಿ ನೆಲದ ಮೇಲಿನ ಕಳೆ ಸವರುವ ಯಂತ್ರ. 5 ಅಡಿಯದು. ಬೇಗ ಮುಗಿಯಲಿ ಅನ್ನೋ ಆಸೆ, ಅಲ್ವಾ?

ಮೊದಲ ದಿನವೇ ಲಾಂಟಾನ ಪೊದೆಗೆ ನುಗ್ಗಿಸಿದೆ, ಶಿಯರ್ ಬೋಲ್ಟ್ ಕಟ್. ಹೊಸದು ಹಾಕಿದೆ. ಒಣ ಮಟ್ಟೆ ಸಿಕ್ಕಿ ಮತ್ತೆ ಕಟ್. ತಲೆ ಕೆಟ್ಟು ಟೂಲ್ ಬಾಕ್ಸ್ ಕೆದಕಿದೆ. ತಲೆ ಮೇಲೆ 10.9 ಅಂತ ಅಚ್ಚಿದ್ದ ಹೈ ಟೆನ್ಸೈಲ್, ಅಂದರೆ ತುಂಬಾ ಗಟ್ಟಿ ಉಕ್ಕಿನ ಬೋಲ್ಟ್ ಸಿಕ್ಕಿತು, ಅಳತೆಯೂ ಕೂತಿತು. 'ಈಗ ಕಟ್ ಆಗು ನೋಡೋಣ' ಅಂತ ಬಿಗಿದೆ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಟ್ರಾಕ್ಟರಿನ ಶಕ್ತಿಯನ್ನು ಹಿಂದಿನ ಯಂತ್ರಕ್ಕೆ ಕೊಡುವ ಪಿಟಿಒ ಶಾಫ್ಟ್ ಸ್ಲ್ಯಾಷರಿನ ಗೇರ್‌ಬಾಕ್ಸಿಗೆ ಸೇರುವ ಜಾಗದಲ್ಲಿ ಶಿಯರ್ ಬೋಲ್ಟ್ ಇರುತ್ತದೆ. ಬೇಕಂತಲೇ ಮೆದು ಲೋಹದ್ದು ಹಾಕಿರುತ್ತಾರೆ. ಬ್ಲೇಡ್ ಏನಕ್ಕಾದರೂ ಸಿಕ್ಕಿ ನಿಂತರೆ ಬೋಲ್ಟ್ ತುಂಡಾಗುತ್ತದೆ, ಶಾಫ್ಟ್ ಸುಮ್ನೆ ಸುತ್ತುತ್ತದೆ, ಗೇರ್ ಉಳಿಯುತ್ತದೆ. ಪಂಪ್‌ಸೆಟ್ ಫ್ಯೂಸ್ ಇದ್ದ ಹಾಗೆ. ಫ್ಯೂಸಿಗೆ ದಪ್ಪ ತಂತಿ ಸುತ್ತಿ ಮೋಟಾರ್ ಸುಟ್ಟುಕೊಂಡ ಪಕ್ಕದ ತೋಟದವರನ್ನು ನಾನೇ ಬೈದಿದ್ದೆ! ನಾನು ಮಾಡಿದ್ದೂ ಅದೇ. 10.9 ಹಾಕಿದ ಮೇಲೆ ಮುರಿಯಲು ಉಳಿದಿದ್ದು ಗೇರಿನ ಹಲ್ಲು ಮಾತ್ರ.

ಬದುವಿನ ಹತ್ತಿರ ಹುಲ್ಲಲ್ಲಿ ಬಾಂದುಕಲ್ಲು ಮುಚ್ಚಿಹೋಗಿತ್ತು. ಠಣ್ ಅಂತ ಒಂದೇ ಸದ್ದು, ಇಂಜಿನ್ ಬಂದ್. ಗೇರ್‌ಬಾಕ್ಸ್ ಬಿರುಕು ಬಿಟ್ಟು ಎಣ್ಣೆ ತೊಟ್ಟಿಕ್ಕುತ್ತಿತ್ತು. ಬಿಚ್ಚಿದರೆ ಮೂರು ಹಲ್ಲು ಇಲ್ಲ. ಹದಿನೈದು ರೂಪಾಯಿಯ ಬೋಲ್ಟ್ ಉಳಿಸಲು ಹೋಗಿ 14 ಸಾವಿರ ಕಟ್ಟಿದೆ. ಅದರಲ್ಲಿ ಒಂದು ಹಲ್ಲನ್ನು ಅಪ್ಪ ಇವತ್ತಿಗೂ ಕಿಟಕಿಯಲ್ಲಿ ಇಟ್ಟುಕೊಂಡಿದ್ದಾರೆ, ನೆಂಟರು ಬಂದಾಗ ತೋರಿಸಲು.

ಹಾಗಾಗಿ 5 ಅಡಿಯಾ 6 ಅಡಿಯಾ ಅಂದರೆ ಎರಡೂ ಬೇಡ. 24 ಎಚ್‌ಪಿಯಲ್ಲಿ ಪಿಟಿಒಗೆ 20 ಬಂದರೆ ಜಾಸ್ತಿ. ದಪ್ಪ ಪೊದೆಗೆ ಅಡಿಗೆ 5 ಎಚ್‌ಪಿ ಅಂತ ನನ್ನ ಲೆಕ್ಕ, ಅಲ್ಲಿಗೆ 4 ಅಡಿ. ಬ್ಲೇಡ್ ಸಿಕ್ಕಿ ನಿಂತರೆ ಬೋಲ್ಟ್ ತುಂಡಾಗುವ ಬದಲು ತಾನೇ ಜಾರುವ ಸ್ಲಿಪ್ ಕ್ಲಚ್ ಇರುವುದು ಸಿಕ್ಕರೆ ಒಳ್ಳೆಯದು. ಅದನ್ನೂ ಮಳೆಗಾಲ ಕಳೆದ ಮೇಲೆ ಸಡಿಲಿಸಿ ಒಮ್ಮೆ ತಿರುಗಿಸದಿದ್ದರೆ ತುಕ್ಕು ಹಿಡಿದು ಕಚ್ಚಿಕೊಳ್ಳುತ್ತದೆ.

ನನ್ನ ಕೇಳಿದರೆ 3 ಎಕರೆಗೆ ಕೊಳ್ಳಲೇಬೇಡಿ. ವರ್ಷಕ್ಕೆ ಎರಡು ಮೂರು ಸಲದ ಕೆಲಸ. ನಿಮ್ಮ ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಬಾಡಿಗೆಗೆ ಸಿಗುತ್ತದಾ ಅಂತ ಮೊದಲು ವಿಚಾರಿಸಿ. ಬಾಡಿಗೆಯದಾದರೂ ಹಿಂದಿನ ದಿನ ತೋಟ ಸುತ್ತಿ, ಬಾಂದುಕಲ್ಲು, ಡ್ರಿಪ್ ಪೈಪ್ ಇರುವಲ್ಲೆಲ್ಲ ಕೋಲು ನೆಡಿ. ಶಿಯರ್ ಬೋಲ್ಟ್ ಹತ್ತು ಜೇಬಲ್ಲಿರಲಿ.